ಅಲ್ಲ ಎಂದಷ್ಟಕ್ಕೆ ಮುಗಿಯುವುದಿಲ್ಲ

ಹಾಸನದಲ್ಲಿ ಬದುಕುವವರಿಗೆ 2025ರ ಜೂನ್ ಮತ್ತು ಜುಲೈ ತಿಂಗಳುಗಳನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಎಂಬ ಸುದ್ದಿ ಹರಡಿದ್ದು, ಸತ್ತವರಲ್ಲಿ ಹಲವರು ಚಿಕ್ಕ ವಯಸ್ಸಿನವರೆಂದು ಗೊತ್ತಾದದ್ದು, ಕೋವಿಡ್ ಲಸಿಕೆಯೇ ಇದಕ್ಕೆ ಕಾರಣವೆಂಬ ಮಾತು ಹಬ್ಬಿದ್ದು, ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಯಾವ ಕಾಯಿಲೆಯೂ ಇಲ್ಲದವರು ಕೂಡ ತಪಾಸಣೆಗೆಂದು ಸಾಲುಗಟ್ಟಿದ್ದು, ಹೊರಗಿನ ನೆಂಟರೆಲ್ಲ ಫೋನು ಮಾಡಿ ನಿಮ್ಮೂರಿಗೆ ಏನಾಗಿದೆ ಎಂದು ಕೇಳತೊಡಗಿದ್ದು ಎಲ್ಲರಿಗೂ ನೆನಪಿದೆ. ಆ ಗಾಬರಿ ನನ್ನನ್ನು ಈಗ ಕಾಡುತ್ತಿಲ್ಲ, ಗಾಬರಿಗೆ ಕಾರಣವಿತ್ತು. ಕಾಡುತ್ತಿರುವುದು ತಜ್ಞರ ವರದಿ ಬಂದ ಮೇಲೆ ನಡೆದ, ಅಥವಾ ನಡೆಯದೇ ಹೋದ, ಸಂಗತಿ.

ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಯ ವರದಿ ಜುಲೈ ಎರಡನೇ ವಾರದಲ್ಲಿ ಹೊರಬಂದಾಗ ಆಲೂರು ತಾಲ್ಲೂಕಿನಲ್ಲಿರುವ ನನ್ನ ಸೋದರಮಾವ ಅದರ ಸುದ್ದಿಯನ್ನು ಪತ್ರಿಕೆಯಲ್ಲಿ ಒಂದಕ್ಷರ ಬಿಡದೆ ಓದಿದ್ದರು. ಕಾಫಿ, ಮೆಣಸಿನ ಧಾರಣೆಯಿಂದ ಹಿಡಿದು ಸಂಪಾದಕೀಯದವರೆಗೆ ಎಲ್ಲವನ್ನೂ ಓದುವ ಮನುಷ್ಯ ಅವರು. ಕೋವಿಡ್ ಲಸಿಕೆಗೂ ಈ ಸಾವುಗಳಿಗೂ ಸಂಬಂಧವಿಲ್ಲ, ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಹೆಚ್ಚಿಲ್ಲ ಎಂಬ ಮಾತನ್ನು ಫೋನಿನಲ್ಲಿ ನನಗೆ ಓದಿ ಹೇಳಿದವರೂ ಅವರೇ. ಅದಾಗಿ ಕೆಲವು ವಾರ ಕಳೆದ ಮೇಲೆ ಒಂದು ತಿಥಿಯ ಊಟದ ಪಂಕ್ತಿಯಲ್ಲಿ, ಪಕ್ಕದೂರಿನಲ್ಲಿ ಹಠಾತ್ತನೆ ತೀರಿಹೋದ ನಡುವಯಸ್ಸಿನವರೊಬ್ಬರ ಮಾತು ಬಂದಿತು. ಮಾವ ಎಲೆಯ ಮೇಲಿದ್ದ ಕೈಯನ್ನು ಎತ್ತದೆಯೇ, ‘ಎಲ್ಲಾ ಆ ಇಂಜೆಕ್ಷನ್ ಮಹಿಮೆ’ ಎಂದರು. ‘ಮಾವ, ವರದಿ ನೀವೇ ಓದಿ ಹೇಳಿದ್ರಲ್ಲ’ ಎಂದು ನಾನು ನೆನಪಿಸಿದೆ. ‘ಓದಿದ್ದೆ ಕಣವ್ವ, ಅದೂ ಸರೀನೇ. ಹಂಗಾದ್ರೆ ಇವನು ಯಾಕೆ ಸತ್ತ, ಹೇಳು ನೋಡಾಣ?’

ಒಂದು ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವ ನನಗೆ ಈ ಪ್ರಶ್ನೆ ಹಟದ ಮಾತೆಂದು ತೋರಲಿಲ್ಲ. ಅವರು ವರದಿಯನ್ನು ಮರೆತಿರಲಿಲ್ಲ, ಸುಳ್ಳೆಂದೂ ಹೇಳಲಿಲ್ಲ. ಅದನ್ನು ಒಪ್ಪಿಕೊಂಡೂ ಹಳೆಯ ನಂಬಿಕೆಯಿಂದಲೇ ಯೋಚಿಸುತ್ತಿದ್ದರು. ಸುಳ್ಳು ಸುದ್ದಿಯ ವಿಚಾರದಲ್ಲಿ ನಾವು ಸಾಮಾನ್ಯವಾಗಿ ಇಡುವ ಲೆಕ್ಕ ಸರಳ: ಜನಕ್ಕೆ ನಿಜ ಗೊತ್ತಿಲ್ಲ, ಗೊತ್ತು ಮಾಡಿಸಿದರೆ ಸುಳ್ಳು ಹೋಗುತ್ತದೆ. ನಿಜ ಗೊತ್ತಿದ್ದೂ ಸುಳ್ಳು ಹೋಗದೆ ಕೂತಿರುವುದಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ.

ಉಗ್ರಾಣದ ಬೆಂಕಿ

ಮನಶ್ಶಾಸ್ತ್ರದಲ್ಲಿ ಇದರ ಬಗ್ಗೆ ಹಳೆಯದೊಂದು ಪ್ರಯೋಗವಿದೆ. 1988ರಲ್ಲಿ ವಿಲ್ಕ್ಸ್ ಮತ್ತು ಲೆದರ್‌ಬ್ಯಾರೋ ಎಂಬ ಸಂಶೋಧಕರು ಆರಂಭಿಸಿದ, 1994ರಲ್ಲಿ ಜಾನ್ಸನ್ ಮತ್ತು ಸೀಫರ್ಟ್ ಮುಂದುವರಿಸಿದ ಪ್ರಯೋಗ ಅದು. ಒಂದು ಉಗ್ರಾಣಕ್ಕೆ ಬೆಂಕಿ ಬಿದ್ದ ಕಥೆಯನ್ನು ಸಣ್ಣ ಸಣ್ಣ ಸಂದೇಶಗಳಾಗಿ ಓದಲು ಕೊಡುತ್ತಾರೆ. ಕಪಾಟೊಂದರಲ್ಲಿ ಬಣ್ಣದ ಡಬ್ಬಿಗಳೂ ಗ್ಯಾಸ್ ಸಿಲಿಂಡರ್‌ಗಳೂ ಇದ್ದವು ಎಂದು ಮೊದಲು ಬರುತ್ತದೆ. ಆಮೇಲೆ, ಆ ಮಾಹಿತಿ ತಪ್ಪು, ಕಪಾಟು ಖಾಲಿಯಾಗಿತ್ತು ಎಂಬ ತಿದ್ದುಪಡಿ ಬರುತ್ತದೆ. ಓದಿದವರನ್ನು ಕೇಳಿದರೆ ತಿದ್ದುಪಡಿ ಬಂದದ್ದು ಅವರಿಗೆ ನೆನಪಿರುತ್ತದೆ. ಆದರೂ ಅಷ್ಟು ದಟ್ಟ ಹೊಗೆ ಏಕೆ ಎದ್ದಿತು, ಸ್ಫೋಟ ಏಕಾಯಿತು ಎಂದು ಕೇಳಿದಾಗ ಬಣ್ಣ, ಸಿಲಿಂಡರ್ ಎಂದೇ ಹಲವರು ಉತ್ತರ ಕೊಡುತ್ತಾರೆ. ಖಾಲಿ ಕಪಾಟು ಎಂಬುದು ನಿಜವಿರಬಹುದು, ಆದರೆ ಅದು ಹೊಗೆಯನ್ನು ವಿವರಿಸುವುದಿಲ್ಲ. ಕಪಾಟು ಖಾಲಿಯಿತ್ತು ಎಂದು ಹೇಳುವುದರ ಜೊತೆಗೆ ಯಾರೋ ಬೇಕೆಂದೇ ಬೆಂಕಿ ಹಚ್ಚಿದ ಕುರುಹುಗಳು ಸಿಕ್ಕವು ಎಂದೂ ಹೇಳಿದಾಗ ಮಾತ್ರ ಬಣ್ಣದ ಡಬ್ಬಿಗಳು ಉತ್ತರಗಳಿಂದ ಬಹುಮಟ್ಟಿಗೆ ಹಿಂದೆ ಸರಿಯುತ್ತವೆ.

ಮಾವನ ಪ್ರಶ್ನೆ ಇದೇ. ಲಸಿಕೆ ಎಂಬ ಉತ್ತರವನ್ನು ಅವರಿಂದ ಕಿತ್ತುಕೊಂಡ ವರದಿ ಅದರ ಜಾಗದಲ್ಲಿ ಏನನ್ನು ಇಟ್ಟಿತು? ಸಕ್ಕರೆ ಕಾಯಿಲೆ, ರಕ್ತದೊತ್ತಡ, ತಂಬಾಕು, ಮದ್ಯ, ಬೊಜ್ಜು, ಮನೆತನದಲ್ಲಿ ಬಂದ ಹೃದಯದ ಕಾಯಿಲೆ. ಇವೆಲ್ಲ ನಿಜ. ಇವೆಲ್ಲ ಆಸ್ಪತ್ರೆಯ ಗೋಡೆಯ ಮೇಲೆ ಮೂವತ್ತು ವರ್ಷದಿಂದ ಬರೆದಿರುವ ಮಾತುಗಳೂ ಹೌದು. ಹೋದ ವರ್ಷವೂ ಇದ್ದ ಸಕ್ಕರೆ ಕಾಯಿಲೆ ಈ ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲೇ ಏಕೆ ಕೊಂದಿತು ಎಂದು ಜನ ಕೇಳುತ್ತಿದ್ದರು. ಅದಕ್ಕೆ ಸಿಕ್ಕ ಉತ್ತರ, ವಿಶೇಷವಾಗಿ ಏನೂ ನಡೆದಿಲ್ಲ ಎಂಬುದು. ದಿಢೀರನೆ ಬಂದ ಭಯಕ್ಕೆ ದಿಢೀರನೆ ಬಂದ ಕಾರಣವೇ ಬೇಕೆಂದು ಮನಸ್ಸು ಕೇಳುತ್ತದೆ. ನಾಲ್ಕು ವರ್ಷದ ಹಿಂದೆ ಎಲ್ಲರ ತೋಳಿಗೂ ಒಂದೇ ಸಲ ಬಿದ್ದ ಚುಚ್ಚುಮದ್ದು ಆ ಬೇಡಿಕೆಗೆ ಹೇಳಿ ಮಾಡಿಸಿದಂತಿತ್ತು: ಹೊಸದು, ಹೊರಗಿನದು, ಎಲ್ಲರೂ ಪಡೆದದ್ದು. ಎಲ್ಲರೂ ಪಡೆದಿದ್ದರಿಂದಲೇ ಸತ್ತ ಪ್ರತಿಯೊಬ್ಬರ ವಿಷಯದಲ್ಲೂ ‘ಇವನೂ ಹಾಕಿಸಿಕೊಂಡಿದ್ದ’ ಎಂಬ ಸಾಕ್ಷ್ಯ ಸಿಗುತ್ತಿತ್ತು. ಬದುಕಿರುವ ನಾವೆಲ್ಲರೂ ಹಾಕಿಸಿಕೊಂಡಿದ್ದೆವು ಎಂಬುದು ಯಾರ ಗಮನಕ್ಕೂ ಬರುವ ಮಾತಲ್ಲ.

ಬುಡದಲ್ಲಿದ್ದ ನಿಜ

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ತಿದ್ದಲು ಹೊರಟವರು ಹೇಳುವುದಿಲ್ಲ. ಇದು ನನಗೆ ಅವರ ಮೇಲಿರುವ ದೊಡ್ಡ ತಕರಾರು. ನಮ್ಮಲ್ಲಿ ಹೆಚ್ಚಿನವರು ಪಡೆದ ಕೋವಿಶೀಲ್ಡ್, ಆಸ್ಟ್ರಾಜೆನೆಕಾ ಕಂಪನಿಯ ಲಸಿಕೆಯೇ. ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಕಡಿಮೆಯಾಗುವ ಅತಿ ವಿರಳ ಅಡ್ಡಪರಿಣಾಮವೊಂದು ಆ ಲಸಿಕೆಯಿಂದ ಉಂಟಾಗಬಹುದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2021ರ ಏಪ್ರಿಲ್‌ನಲ್ಲೇ ಪ್ರಕಟಿಸಿತ್ತು. ಕಂಪನಿ ಅದನ್ನು ಬ್ರಿಟನ್ನಿನ ನ್ಯಾಯಾಲಯದ ದಾಖಲೆಯೊಂದರಲ್ಲಿ ಒಪ್ಪಿಕೊಂಡ ಸುದ್ದಿ 2024ರ ಏಪ್ರಿಲ್ ಕೊನೆಯಲ್ಲಿ ಹೊರಬಿದ್ದಾಗ ಇಲ್ಲಿ ಅದು ‘ಕಡೆಗೂ ಸತ್ಯ ಬಯಲು’ ಎಂಬಂತೆ ಓಡಾಡಿತು. ಆ ಅಡ್ಡಪರಿಣಾಮ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವು ವಾರಗಳೊಳಗೆ. ಅದು ಹೃದಯದ ರಕ್ತನಾಳದಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟಿ ಬರುವ ಹೃದಯಾಘಾತವಲ್ಲ, ನಾಲ್ಕು ವರ್ಷದ ನಂತರ ಎದ್ದು ಬರುವಂಥದ್ದೂ ಅಲ್ಲ. ಇಷ್ಟನ್ನು ಬಿಡಿಸಿ ಹೇಳುವ ಬದಲು ‘ಲಸಿಕೆ ಸಂಪೂರ್ಣ ಸುರಕ್ಷಿತ’ ಎಂದು ಬಾಯಿ ಮುಚ್ಚಿಸಿದರೆ, ಬ್ರಿಟನ್ನಿನ ಸುದ್ದಿಯನ್ನು ಓದಿದ ಮಾವನಂಥವರು ಹೇಳುವವನ ಬಾಯಿಂದ ಬರುವ ಉಳಿದ ನಿಜವನ್ನೂ ನಂಬುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಚಾರಕ್ಕೆ ನೇರವಾಗಿ ಸಂಬಂಧಿಸಿದ್ದು. 18ರಿಂದ 45 ವರ್ಷದೊಳಗಿನ, ಆರೋಗ್ಯವಂತರೆನಿಸಿಕೊಂಡಿದ್ದು ಹಠಾತ್ತನೆ ಸತ್ತ 729 ಮಂದಿಯನ್ನು, ಅದೇ ವಯಸ್ಸಿನ, ಅದೇ ಪರಿಸರದ 2916 ಮಂದಿ ಬದುಕಿರುವವರ ಜೊತೆ ಹೋಲಿಸಿ ನೋಡಿದ ಅಧ್ಯಯನ ಅದು. ಲಸಿಕೆ ಪಡೆದದ್ದರಿಂದ ಹಠಾತ್ ಸಾವಿನ ಸಂಭವ ಹೆಚ್ಚಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಕಡಿಮೆಯೇ ಇತ್ತು. ಹೆಚ್ಚಿದ್ದು ಯಾರಲ್ಲಿ ಎಂದರೆ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡಿದ್ದವರಲ್ಲಿ, ಸಾಯುವ ಹಿಂದಿನ ಎರಡು ದಿನಗಳಲ್ಲಿ ವಿಪರೀತ ಕುಡಿದಿದ್ದವರಲ್ಲಿ ಅಥವಾ ವಿಪರೀತ ದೇಹಶ್ರಮ ಮಾಡಿದ್ದವರಲ್ಲಿ. ಬದುಕಿರುವವರನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದೇ ಈ ಅಧ್ಯಯನದ ಜೀವಾಳ.

ಕಪ್ಪುಹಲಗೆಯ ಮೇಲೆ ನಲವತ್ತು ದಿನ

ಆ ಜುಲೈನಲ್ಲಿ ತರಗತಿಯಲ್ಲಿ ಪಾಠ ಮುಂದೆ ಹೋಗುತ್ತಿರಲಿಲ್ಲ. ಹುಡುಗರಿಗೂ ಹುಡುಗಿಯರಿಗೂ ಒಂದೇ ಮಾತು. ಒಂದು ದಿನ ಪಾಠ ಬದಿಗಿಟ್ಟು ಹಲಗೆಯ ಮೇಲೆ ಲೆಕ್ಕ ಹಾಕಿದೆವು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17.76 ಲಕ್ಷ. ವರ್ಷಕ್ಕೆ ಸಾವಿರಕ್ಕೆ 6 ಮಂದಿ ಸಾಯುತ್ತಾರೆಂದು ಹಿಡಿದರೆ ವರ್ಷಕ್ಕೆ ಹತ್ತು ಸಾವಿರದ ಮೇಲೆ ಸಾವು. ನಲವತ್ತು ದಿನಕ್ಕೆ ಸುಮಾರು 1,160. ದೇಶದಲ್ಲಿ ಸಂಭವಿಸುವ ಸಾವುಗಳಲ್ಲಿ ಕಾಲುಭಾಗದಷ್ಟು, ಪಾರ್ಶ್ವವಾಯುವನ್ನೂ ಸೇರಿಸಿ, ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ ಬರುತ್ತವೆ. ಹಾಗಾದರೆ ಯಾವ ವರ್ಷದ ಯಾವ ನಲವತ್ತು ದಿನ ತೆಗೆದುಕೊಂಡರೂ ಈ ಜಿಲ್ಲೆಯಲ್ಲಿ 290ರ ಆಸುಪಾಸಿನಲ್ಲಿ ಇಂಥ ಸಾವುಗಳು ಆಗುತ್ತಿರಬೇಕು. ಇದು ಸ್ಥೂಲವಾದ ಲೆಕ್ಕ. ಐವತ್ತು ಆಚೀಚೆ ಆದರೂ ತರಗತಿ ಗಪ್‌ಚಿಪ್ಪಾಗುವುದಕ್ಕೆ ಅದು ಸಾಕಾಗಿತ್ತು. ಟಿವಿ ಎಣಿಸುತ್ತಿದ್ದದ್ದು ಇಪ್ಪತ್ತು ಚಿಲ್ಲರೆ. ಉಳಿದವನ್ನು ಯಾರೂ ಎಣಿಸಿರಲಿಲ್ಲ, ಏಕೆಂದರೆ ಅವು ಸುದ್ದಿಯಾಗಿರಲಿಲ್ಲ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಮೇಡಂ, ಆ ಇನ್ನೂರ ತೊಂಬತ್ತರಲ್ಲಿ ಜಾಸ್ತಿ ಜನ ಅಜ್ಜಂದಿರು ಅಜ್ಜಿಯರು. ಇಲ್ಲಿ ಸತ್ತಿರೋದು ನಮ್ಮ ಅಣ್ಣಂದಿರ ವಯಸ್ಸಿನೋರು. ಅದು ಬೇರೆ, ಇದು ಬೇರೆ ಅಲ್ವಾ?’ ಅವನ ಮಾತು ನ್ಯಾಯವಾದದ್ದು. ಒಟ್ಟು ಸಂಖ್ಯೆಯನ್ನು ಮುಂದಿಟ್ಟು ಒಬ್ಬನ ದುಃಖಕ್ಕೆ ಉತ್ತರ ಹೇಳಲಾಗುವುದಿಲ್ಲ ಎಂಬುದು ಒಂದು ಕಡೆಯಾದರೆ, ವಯಸ್ಸಿನ ಪ್ರಶ್ನೆ ನಿಜಕ್ಕೂ ಬೇರೆ ಪ್ರಶ್ನೆಯೇ. ಅದಕ್ಕಿರುವ ಉತ್ತರ ಲಸಿಕೆಗಿಂತ ಹಳೆಯದು. ಇಂಟರ್‌ಹಾರ್ಟ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ದಕ್ಷಿಣ ಏಷ್ಯಾದ ಭಾಗ 2007ರಲ್ಲಿ ಪ್ರಕಟವಾದಾಗ, ನಮ್ಮ ಕಡೆಯವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53, ಬೇರೆಡೆಯವರಿಗೆ ಸುಮಾರು 59 ಎಂದು ಕಂಡುಬಂದಿತ್ತು. ಸರಾಸರಿಯೇ 53 ಎಂದಮೇಲೆ ಆ ಸಾಲಿನಲ್ಲಿ ನಲವತ್ತರವರೂ ಮೂವತ್ತೈದರವರೂ ಇರಲೇಬೇಕು. ಕೋವಿಡ್ ಎಂಬ ಹೆಸರೇ ಇಲ್ಲದ ಕಾಲದ ಅಂಕಿ ಇದು.

ನಮಗೆ ಸುಲಭವಾಗಿ ನೆನಪಿಗೆ ಬರುವುದೇ ಹೆಚ್ಚಾಗಿ ನಡೆಯುತ್ತಿದೆ ಎಂದು ಮನಸ್ಸು ಭಾವಿಸುತ್ತದೆಂದು ಟ್ವರ್‌ಸ್ಕಿ ಮತ್ತು ಕಾನೆಮನ್ 1973ರಲ್ಲೇ ಬರೆದಿದ್ದರು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ಆ ದಿನದ ನಂತರ ಕನ್ನಡಿಗರ ಮನಸ್ಸಿನಲ್ಲಿ ಹಠಾತ್ ಹೃದಯಾಘಾತಕ್ಕೆ ಒಂದು ಮುಖ ಬಂದುಬಿಟ್ಟಿತು. ವ್ಯಾಯಾಮ ಮಾಡುವವರೇ ಹೋದರು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ, ಆಡಿದ್ದೇವೆ. ಹಾಸನದ ಸುದ್ದಿ ಬಂದದ್ದು ಈಗಾಗಲೇ ಹದಗೊಂಡಿದ್ದ ಆ ನೆಲದ ಮೇಲೆ.

ಪ್ರಶ್ನೆಯ ವೇಷದಲ್ಲಿ

‘ಲಸಿಕೆಯೇ ಕಾರಣವೇ?’ ಎಂಬ ಶೀರ್ಷಿಕೆ ಆ ದಿನಗಳಲ್ಲಿ ಎಷ್ಟು ಸಲ ಕಣ್ಣಿಗೆ ಬಿತ್ತೋ ತಿಳಿಯದು. ಪ್ರಶ್ನೆ ಕೇಳಿದರೆ ತಪ್ಪೇನು ಎಂದು ಸುದ್ದಿಮನೆಯವರು ಹೇಳಬಹುದು. ಡ್ಯಾನಿಯಲ್ ವೆಗ್ನರ್ ಮತ್ತು ಸಂಗಡಿಗರು 1981ರಲ್ಲಿ ಇದನ್ನೇ ಪರೀಕ್ಷಿಸಿದ್ದರು. ಒಬ್ಬ ವ್ಯಕ್ತಿ ಅಕ್ರಮ ಎಸಗಿದ್ದಾನೆ ಎಂಬ ಶೀರ್ಷಿಕೆಯನ್ನು ಕೆಲವರಿಗೆ, ಎಸಗಿದ್ದಾನೆಯೇ ಎಂಬ ಪ್ರಶ್ನೆಯನ್ನು ಕೆಲವರಿಗೆ ತೋರಿಸಿ, ಆ ವ್ಯಕ್ತಿಯ ಬಗ್ಗೆ ಅಭಿಪ್ರಾಯ ಕೇಳಿದರು. ಪ್ರಶ್ನೆ ಮಾಡುವ ಹಾನಿ ಆರೋಪ ಮಾಡುವ ಹಾನಿಗೆ ಹತ್ತಿರವೇ ಇತ್ತು. ಇಲ್ಲಿ ಪ್ರಶ್ನೆಯನ್ನು ಎತ್ತಿದವರು ಸುದ್ದಿವಾಹಿನಿಗಳು ಮಾತ್ರವೂ ಅಲ್ಲ. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಾಸನದ ಸಾವುಗಳ ಬಗ್ಗೆ ಬರೆಯುತ್ತ, ಲಸಿಕೆಗೆ ಆತುರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ್ದೂ ಕಾರಣವಿರಬಹುದು ಎಂಬ ಅರ್ಥದ ಮಾತು ಸೇರಿಸಿದರು. ಮರುದಿನ ಕೇಂದ್ರ ಆರೋಗ್ಯ ಸಚಿವಾಲಯ ಅಂಥ ಸಂಬಂಧ ಕಂಡುಬಂದಿಲ್ಲ ಎಂದಿತು. ಅಲ್ಲಿಗೆ ವಿಷಯ ವೈದ್ಯಕೀಯದ್ದಾಗಿ ಉಳಿಯದೆ ರಾಜ್ಯ ಮತ್ತು ಕೇಂದ್ರದ ನಡುವಿನದಾಯಿತು. ಜನ ತಮ್ಮ ತಮ್ಮ ಪಕ್ಷಕ್ಕೆ ತಕ್ಕ ಕಾರಣವನ್ನು ಆರಿಸಿಕೊಂಡರು.

ಇದರ ಜೊತೆಗೆ ಪುನರಾವರ್ತನೆಯ ಬಲವೂ ಸೇರಿಕೊಳ್ಳುತ್ತದೆ. ಹ್ಯಾಷರ್, ಗೋಲ್ಡ್‌ಸ್ಟೀನ್ ಮತ್ತು ಟೊಪಿನೊ 1977ರಲ್ಲಿ ಎರಡು ವಾರಗಳ ಅಂತರದಲ್ಲಿ ಮೂರು ಸಲ ವಿದ್ಯಾರ್ಥಿಗಳಿಗೆ ಹೇಳಿಕೆಗಳ ಪಟ್ಟಿ ಕೊಟ್ಟರು. ಕೆಲವು ಹೇಳಿಕೆಗಳು ಮಾತ್ರ ಪ್ರತಿ ಸಲವೂ ಮರಳಿ ಬರುತ್ತಿದ್ದವು. ಅವು ನಿಜವಿರಲಿ ಸುಳ್ಳಿರಲಿ, ಮರಳಿ ಬಂದಷ್ಟೂ ಹೆಚ್ಚು ನಿಜವೆಂದು ತೋರಿದವು. ಲೀಸಾ ಫಾಜಿಯೊ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದ್ದು ಇನ್ನೂ ಮುಜುಗರದ ಸಂಗತಿ: ಸರಿ ಉತ್ತರ ಗೊತ್ತಿದ್ದವರ ಮೇಲೂ ಪುನರಾವರ್ತನೆ ಹೀಗೆಯೇ ಕೆಲಸ ಮಾಡುತ್ತದೆ. ಆದ್ದರಿಂದ ಲಸಿಕೆಯಿಂದ ಹೃದಯಾಘಾತವಾಗುತ್ತದೆ ಎಂಬುದು ಸುಳ್ಳು, ಲಸಿಕೆಯಿಂದ ಹೃದಯಾಘಾತವಾಗುತ್ತದೆ ಎಂಬುದು ವದಂತಿ ಎಂದು ನೂರು ಸಲ ಕೂಗುವವನು ಆ ವಾಕ್ಯವನ್ನೂ ನೂರು ಸಲ ಕೂಗಿರುತ್ತಾನೆ. ಸುಳ್ಳನ್ನು ಒಮ್ಮೆ ಮಾತ್ರ ಹೆಸರಿಸಬೇಕು, ನಿಜವನ್ನು ಮೊದಲೂ ಕೊನೆಗೂ ಹೇಳಬೇಕು ಎಂದು ಈ ಕ್ಷೇತ್ರದವರು ಹೇಳುವುದು ಇದಕ್ಕೇ.

(ತೊಂಬತ್ತರ ದಶಕದಲ್ಲಿ ಮನೆ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡ ಕಾಲ ಓದುಗರಲ್ಲಿ ಅನೇಕರಿಗೆ ನೆನಪಿರಬಹುದು. ಆಗ ಮೊಬೈಲೂ ಇರಲಿಲ್ಲ, ಸುದ್ದಿವಾಹಿನಿಗಳ ಈ ಭರಾಟೆಯೂ ಇರಲಿಲ್ಲ. ಆದರೂ ಮಾತು ಜಿಲ್ಲೆಯಿಂದ ಜಿಲ್ಲೆಗೆ ದಾಟಿತು. ಬರೆದವರ ಮನೆಗೆ ದೆವ್ವ ಬರಲಿಲ್ಲ, ಆದ್ದರಿಂದ ಬರೆದದ್ದು ಫಲಿಸಿತು. ಬರೆಯದವರ ಮನೆಗೂ ಬರಲಿಲ್ಲ ಎಂಬುದನ್ನು ಯಾರು ಹೋಗಿ ಕೇಳುತ್ತಾರೆ?)

ಆನೆ ಗುಂಪಿನ ಪಾಠ

ಸುಳ್ಳು ಸುದ್ದಿ ಕಳಿಸುವವರನ್ನು ದಡ್ಡರೆಂದೋ ಕೇಡಿಗರೆಂದೋ ಕರೆಯುವ ಮುನ್ನ ನಮ್ಮ ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟದವರ ವಾಟ್ಸ್ಆ್ಯಪ್ ಗುಂಪುಗಳನ್ನು ನೋಡಬೇಕು. ಕಾಡಾನೆ ಎಲ್ಲಿದೆ ಎಂಬ ಸುದ್ದಿ ಅಲ್ಲಿ ಬೆಳಗಿನ ಕಾಫಿಗೂ ಮೊದಲು ಬರುತ್ತದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರ ಸೂಚನೆಯೂ ಬರುತ್ತದೆ, ಹಾಲು ಹಾಕಲು ಹೊರಟವರು ಕಂಡದ್ದೂ ಬರುತ್ತದೆ. ಕೆಲಸಕ್ಕೆ ಬರುವ ಆಳುಗಳ ಜೀವ ಆ ಸಂದೇಶದ ಮೇಲೆ ನಿಂತಿರುತ್ತದೆ. ಸುಳ್ಳಾದರೆ ಅರ್ಧ ದಿನದ ಕೆಲಸ ಹೋಗುತ್ತದೆ, ನಿಜವಿದ್ದೂ ಕಳಿಸದಿದ್ದರೆ ಒಬ್ಬರ ಪ್ರಾಣ ಹೋಗುತ್ತದೆ. ಇಂಥ ಕಡೆ ‘ಮೊದಲು ಕಳಿಸು, ಆಮೇಲೆ ವಿಚಾರಿಸು’ ಎಂಬುದು ವಿವೇಕವೇ. ಲಸಿಕೆಯ ಸಂದೇಶ ಬಂದಾಗಲೂ ಬೆರಳು ಅದೇ ಅಭ್ಯಾಸದಿಂದ ಓಡುತ್ತದೆ: ನಿಜವಿದ್ದರೆ ಯಾರಿಗಾದರೂ ಉಪಕಾರವಾದೀತು, ಸುಳ್ಳಿದ್ದರೆ ನಷ್ಟವೇನು?

ನಷ್ಟವಿದೆ, ಅದನ್ನು ಮುಂದೆ ಹೇಳುತ್ತೇನೆ. ವಾಟ್ಸ್ಆ್ಯಪ್ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂದು ಮಿತಿ ಹಾಕಿತು. ಮಕ್ಕಳ ಕಳ್ಳರೆಂಬ ವದಂತಿಗೆ ನಮ್ಮ ಬೀದರ್ ಜಿಲ್ಲೆಯಲ್ಲೂ ಅಮಾಯಕರೊಬ್ಬರು ಬಲಿಯಾದ ವರ್ಷ ಅದು. 2020ರ ಏಪ್ರಿಲ್‌ನಲ್ಲಿ, ಈಗಾಗಲೇ ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಒಂದೇ ಕಡೆ ಎಂಬ ಮಿತಿ ಬಂತು. ಇದರಿಂದ ವೇಗ ತಗ್ಗಬಹುದು. ಪೆನಿಕುಕ್, ರ‍್ಯಾಂಡ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದ ಸಂಗತಿ ನನಗೆ ಹೆಚ್ಚು ಉಪಯುಕ್ತವಾಗಿ ಕಾಣುತ್ತದೆ. ಹಂಚುವವರಲ್ಲಿ ಬಹುಮಂದಿ ಸುಳ್ಳನ್ನು ನಂಬಿ ಹಂಚುತ್ತಿರಲಿಲ್ಲ. ನಿಜವೋ ಸುಳ್ಳೋ ಎಂಬ ಪ್ರಶ್ನೆಯೇ ಆ ಹೊತ್ತಿನಲ್ಲಿ ಅವರ ಮನಸ್ಸಿಗೆ ಬಂದಿರುತ್ತಿರಲಿಲ್ಲ. ಯಾವುದೋ ಒಂದು ಶೀರ್ಷಿಕೆ ನಿಜವೆನಿಸುತ್ತದೆಯೇ ಎಂದು ಮೊದಲು ಕೇಳಿಬಿಟ್ಟರೆ ಸಾಕು, ಆಮೇಲೆ ಅವರು ಹಂಚುವುದರ ಗುಣಮಟ್ಟ ಸುಧಾರಿಸುತ್ತಿತ್ತು. ಆನೆ ಗುಂಪಿನಲ್ಲಿ ಯಾರಾದರೂ ಫೋಟೊ ಹಾಕಿದ ಕೂಡಲೇ ‘ಯಾವ ತೋಟ, ಎಷ್ಟು ಹೊತ್ತಿಗೆ, ಯಾರು ಕಂಡದ್ದು’ ಎಂದು ಮೂರು ಜನ ಕೇಳುತ್ತಾರೆ. ಹೋದ ವರ್ಷದ ಫೋಟೊ ಅಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ. ಅದೇ ಜನ, ಅದೇ ಫೋನು, ಆದರೆ ಔಷಧಿಯ ಸುದ್ದಿಗೆ ಆ ಮೂರು ಪ್ರಶ್ನೆ ಕೇಳುವ ರೂಢಿ ಬೆಳೆದಿಲ್ಲ.

ಸಿಸ್ಟರ್ ಕೇಳಿದ ರೀತಿ

ತಿದ್ದಲು ಹೋದರೆ ಜನ ಇನ್ನಷ್ಟು ಹಟ ಹಿಡಿಯುತ್ತಾರೆ, ಸುಮ್ಮನಿರುವುದೇ ಲೇಸು ಎಂದು ಓದಿದವರು ಹೇಳುವುದುಂಟು. ಈ ಮಾತಿಗೆ ಮೂಲವಾದ ನೈಹನ್ ಮತ್ತು ರೈಫ್ಲರ್ ಅವರ ಅಧ್ಯಯನ 2010ರದು. ಇರಾಕಿನಲ್ಲಿ ಸಾಮೂಹಿಕ ನಾಶದ ಶಸ್ತ್ರಾಸ್ತ್ರಗಳಿದ್ದವು ಎಂಬ ಸುಳ್ಳಿನ ವಿಚಾರದಲ್ಲಿ ತಿದ್ದುಪಡಿ ಓದಿದ ಕೆಲವರ ತಪ್ಪು ನಂಬಿಕೆ ಗಟ್ಟಿಯಾಯಿತೆಂದು ಅವರು ಕಂಡಿದ್ದರು. ಆದರೆ ವುಡ್ ಮತ್ತು ಪೋರ್ಟರ್ ಎಂಬುವರು ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ 52 ವಿಷಯಗಳನ್ನು ಹಿಡಿದು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಆ ಪರಿಣಾಮ ಮರಳಿ ಕಾಣಿಸಲಿಲ್ಲ. ನೈಹನ್ ಅವರೇ 2021ರಲ್ಲಿ, ತಪ್ಪು ನಂಬಿಕೆಗಳು ಉಳಿಯುವುದಕ್ಕೆ ಇದು ವಿವರಣೆಯಲ್ಲ ಎಂದು ಬರೆದರು. ಸರಿಯಾದ ಮಾಹಿತಿ ಕೊಟ್ಟರೆ ಸರಾಸರಿಯಲ್ಲಿ ಜನ ನಿಜದ ಕಡೆಗೇ ಒಂದಷ್ಟು ವಾಲುತ್ತಾರೆ. ವಾಲಿದ್ದು ಕಾಲಕ್ರಮದಲ್ಲಿ ಸವೆಯುತ್ತದೆ. ಆದ್ದರಿಂದ ಸುಮ್ಮನಿರುವುದು ಲೇಸಲ್ಲ, ಒಮ್ಮೆ ಹೇಳಿ ಕೈ ತೊಳೆದುಕೊಳ್ಳುವುದೂ ಸಾಲದು.

ಆದರೆ ಹೇಳುವ ರೀತಿಯಲ್ಲಿ ವ್ಯತ್ಯಾಸವಿದೆ. ನಷ್ಟವೇನು ಎಂದು ಕೇಳಿದೆನಲ್ಲ, ಆ ನಷ್ಟ ಮಾವನ ಮನೆಯಲ್ಲೇ ಕಂಡಿತು. ವರ್ಷಗಳಿಂದ ಬಿಪಿ ಮಾತ್ರೆ ನುಂಗುತ್ತಿದ್ದ ಅತ್ತೆ ಆ ಗದ್ದಲದ ದಿನಗಳಲ್ಲಿ ಮಾತ್ರೆ ಬಿಟ್ಟುಬಿಟ್ಟಿದ್ದರು. ಇಂಜೆಕ್ಷನ್ ಹೀಗಾದರೆ ಮಾತ್ರೆ ಹೇಗೋ ಎಂಬ ಅನುಮಾನ. ಹೃದಯಾಘಾತದ ಭಯದಿಂದ ಹೃದಯವನ್ನು ಕಾಯುವ ಮಾತ್ರೆಯನ್ನೇ ಬಿಡುವುದು! ನಾನಿದ್ದಾಗಲೇ ಉಪಕೇಂದ್ರದ ಸಿಸ್ಟರ್ ಬಿಪಿ ಮಿಷನ್ ಹಿಡಿದು ಜಗಲಿಗೆ ಬಂದರು. ಪಟ್ಟಿ ಕಟ್ಟಿ ನೋಡಿದರು, ಹೆಚ್ಚಿತ್ತು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ‘ಮಾತ್ರೆ ಬಿಡೋವಾಗ ನಿಮಗೆ ಏನನ್ನಿಸ್ತು ಅಮ್ಮ?’ ಎಂದು ಕೇಳಿದರು. ಅತ್ತೆ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಿದ್ದ ತಮ್ಮ ಅಣ್ಣನ ಮಗ ಸತ್ತ ಕಥೆಯನ್ನು ಮೊದಲಿಂದ ಹೇಳಿದರು. ಸಿಸ್ಟರ್ ನಡುವೆ ಬಾಯಿ ಹಾಕದೆ ಕೇಳಿದರು. ರಾತ್ರಿ ಪಾಳಿ ಇತ್ತೇ, ಸಿಗರೇಟು ಇತ್ತೇ, ಅವರ ತಂದೆಗೂ ಹೀಗೆ ಆಗಿತ್ತೇ ಎಂದು ಆಮೇಲೆ ವಿಚಾರಿಸಿದರು. ಮೂರಕ್ಕೂ ಹೌದು. ಹಾಸನದ ವರದಿಯಲ್ಲೂ ಆಟೊ, ಕ್ಯಾಬ್ ಚಾಲಕರ ಪಾಲು ಎದ್ದು ಕಾಣುವಷ್ಟಿತ್ತು ಎಂಬುದು ನನಗೆ ಆಗ ನೆನಪಾಯಿತು. ‘ನನಗೆ ಗೊತ್ತಿರೋದು ಒಂದೆರಡು ಮಾತು ಹೇಳ್ಲಾ?’ ಎಂದು ಅಪ್ಪಣೆ ಕೇಳಿ, ಬಿಪಿ ಹೆಚ್ಚಿದ್ದರೆ ರಕ್ತನಾಳಕ್ಕೆ ಏನಾಗುತ್ತದೆ ಎಂಬುದನ್ನು ನಾಲ್ಕು ವಾಕ್ಯದಲ್ಲಿ ಹೇಳಿ, ‘ಈಗ ನಿಮಗೇನನ್ನಿಸ್ತದೆ?’ ಎಂದು ಮಾತನ್ನು ಮತ್ತೆ ಅತ್ತೆಯ ಕೈಗೇ ಕೊಟ್ಟರು. ‘ಇಂಜೆಕ್ಷನ್ ವಿಚಾರ ನಾನು ಒಪ್ಪಲ್ಲ ಸಿಸ್ಟರಮ್ಮ. ಮಾತ್ರೆ ಬೇಕಾದ್ರೆ ತಗೋತೀನಿ’ ಎಂದರು ಅತ್ತೆ. ಸಿಸ್ಟರ್ ಅಷ್ಟಕ್ಕೆ ತೃಪ್ತರಾಗಿ ಎದ್ದರು.

ವಿಲಿಯಂ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞರು ಕುಡಿತ ಬಿಡಿಸುವುದಕ್ಕಾಗಿ 1983ರಲ್ಲಿ ವಿವರಿಸಿದ, ಆಮೇಲೆ ಕೆನಡಾದ ಕ್ವಿಬೆಕ್‌ನ ಹೆರಿಗೆ ವಾರ್ಡುಗಳಲ್ಲಿ ಮಕ್ಕಳ ಲಸಿಕೆಯ ಬಗ್ಗೆ ಅನುಮಾನವಿದ್ದ ತಾಯಂದಿರೊಡನೆ ಬಳಸಿ ಫಲ ಕಂಡ ಸಂದರ್ಶನ ವಿಧಾನದ ಕ್ರಮ ಇದೇ: ಮೊದಲು ಕೇಳು, ಅಪ್ಪಣೆ ಪಡೆದು ಹೇಳು, ಮತ್ತೆ ಕೇಳು. ಸಿಸ್ಟರ್ ಅದನ್ನು ಯಾವ ತರಬೇತಿಯಲ್ಲಿ ಕಲಿತರೋ, ಸ್ವಭಾವದಿಂದಲೇ ಬಂದಿತ್ತೋ, ನಾನು ಕೇಳಲಿಲ್ಲ. ಗಮನಿಸಬೇಕಾದದ್ದು, ನಂಬಿಕೆ ಹಾಗೆಯೇ ಉಳಿದು ನಡತೆ ಮಾತ್ರ ಬದಲಾಯಿತು ಎಂಬುದು. ನನ್ನಂಥ ಮೇಷ್ಟ್ರುಗಳಿಗೆ ನಂಬಿಕೆಯನ್ನೇ ಗೆಲ್ಲಬೇಕೆಂಬ ಚಪಲ. ಸಿಸ್ಟರ್‌ಗೆ ಬೇಕಾಗಿದ್ದದ್ದು ಬಿಪಿ ಇಳಿಯುವುದು.

ಹತ್ತು ಖಚಿತ, ಹತ್ತು ಸಂಭವನೀಯ

ತರಗತಿಯ ಕೊನೆಯ ಕೆಲಸವಾಗಿ, ತಮ್ಮ ತಮ್ಮ ಮನೆಯ ಗುಂಪಿಗೆ ಕಳಿಸಬಹುದಾದ ಒಂದು ಸಂದೇಶವನ್ನು ಬರೆಯಲು ವಿದ್ಯಾರ್ಥಿಗಳಿಗೆ ಹೇಳಿದ್ದೆ. ಅವರಲ್ಲಿ ಒಂದು ವಿಷಯಕ್ಕೆ ಜೋರು ಜಗಳವಾಯಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಅವುಗಳಲ್ಲಿ ಅಪಘಾತ, ವಿದ್ಯುತ್ ಆಘಾತದಂಥವೂ ಇದ್ದವು. ಉಳಿದ 20ರಲ್ಲಿ 10 ಮಾತ್ರ ಹೃದಯದ ಕಾಯಿಲೆಯೆಂದು ಖಚಿತವಾದವು. ಇನ್ನು 10 ‘ಸಂಭವನೀಯ’ ಎಂಬ ಗುಂಪಿಗೆ ಸೇರಿದವು. ಈ ಎರಡನೆಯ ಹತ್ತನ್ನು ಸಂದೇಶದಲ್ಲಿ ಹೇಳಬೇಕೇ ಬೇಡವೇ? ಹೇಳಿದರೆ ‘ಅವರಿಗೇ ಗೊತ್ತಿಲ್ಲ’ ಎಂದು ಜನ ಆಡಿಕೊಳ್ಳುತ್ತಾರೆ ಎಂದು ಅರ್ಧ ತರಗತಿ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಇನ್ನೂ ಕೆಟ್ಟದ್ದು ಎಂದು ಉಳಿದರ್ಧ. ಕೇಂಬ್ರಿಜ್‌ನ ವಾನ್ ಡೆರ್ ಬ್ಲೆಸ್ ಮತ್ತು ಸಂಗಡಿಗರು 2020ರಲ್ಲಿ ಇದನ್ನೇ ಅಳೆದಿದ್ದಾರೆ. ಅನಿಶ್ಚಿತತೆಯನ್ನು ಅಂಕಿಗಳಲ್ಲಿ ಹೇಳಿದರೆ ಮಾಹಿತಿಯ ಮೇಲಿನ ವಿಶ್ವಾಸ ಸ್ವಲ್ಪವೇ ತಗ್ಗುತ್ತದೆ. ‘ಸ್ವಲ್ಪ ಹೆಚ್ಚುಕಡಿಮೆ ಇರಬಹುದು’ ಎಂಬಂತೆ ತೇಲಿಸಿ ಹೇಳಿದರೆ ಹೆಚ್ಚು ತಗ್ಗುತ್ತದೆ. ಹಾಗಾಗಿ ಹತ್ತು ಮತ್ತು ಹತ್ತು ಎಂದೇ ಬರೆದರು.

ಮರುವಾರ ಅರಕಲಗೂಡು ಕಡೆಯ ಹುಡುಗಿಯೊಬ್ಬಳು ಬಂದು, ಸಂದೇಶವನ್ನು ಓದಿ ಹೇಳಿದಾಗ ಅವಳ ಅಜ್ಜಿ ‘ಆ ಇನ್ನೊಂದು ಹತ್ತು ಜನಕ್ಕೆ ಏನಾಗಿತ್ತಂತೆ, ಯಾಕೆ ಗೊತ್ತಾಗಲಿಲ್ಲವಂತೆ’ ಎಂದು ಕೇಳಿದರೆಂದಳು. ಮನೆಯಲ್ಲೇ ಸತ್ತವರಿಗೆ ಮರಣೋತ್ತರ ಪರೀಕ್ಷೆ ಆಗದೆ ಹೋದರೆ ಖಚಿತವಾಗುವ ದಾರಿಯೇ ಮುಚ್ಚಿಹೋಗುತ್ತದೆ ಎಂದು ಹೇಳಿ ಕಳಿಸಿದೆ. ಆ ಜುಲೈನಲ್ಲೇ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಸರ್ಕಾರಕ್ಕೆ ವರದಿ ಮಾಡುವುದನ್ನೂ ಚಿಕ್ಕ ವಯಸ್ಸಿನವರ ವಿಷಯದಲ್ಲಿ ಮರಣೋತ್ತರ ಪರೀಕ್ಷೆಯನ್ನೂ ಕಡ್ಡಾಯ ಮಾಡುವುದಾಗಿ ಹೇಳಿದ್ದರು. ಲಸಿಕೆಯ ಜಾಗದಲ್ಲಿ ಇಡಬೇಕಾದ ಉತ್ತರ ಬರಬೇಕಾದದ್ದು ಅಲ್ಲಿಂದಲೇ. ಹುಡುಗಿ ಮತ್ತೆ ತಂದ ಅಜ್ಜಿಯ ಮಾತು: ಹೆಣ ಕೊಯ್ಯಿಸೋಕೆ ಯಾವ ಮನೆಯವರು ಒಪ್ತಾರೆ? ಇದಕ್ಕೆ ಯಾರು, ಯಾವ ಹೊತ್ತಿನಲ್ಲಿ, ಸಾವಾದ ಮನೆಯ ಬಾಗಿಲಲ್ಲಿ ನಿಂತು ಹೇಗೆ ಕೇಳಬೇಕು ಎಂಬುದರ ಮೇಲೆ ಈ ಸಲದ ತರಗತಿ ನಡೆಯುತ್ತಿದೆ. ಉಪಕೇಂದ್ರದ ಸಿಸ್ಟರ್ ಅವರನ್ನು ಒಂದು ದಿನ ಕರೆಸೋಣ ಎಂದು ವಿದ್ಯಾರ್ಥಿಗಳೇ ಹೇಳಿದ್ದಾರೆ.